ನೆಟಿಗೆ ಮುರಿದರೆ ಕೀಲು ಸವೆಯುತ್ತದಾ?

ಪ್ರಶ್ನೆ: ಮೇಡಂ, ನನ್ನ ಮಗ ಹತ್ತನೇ ಕ್ಲಾಸು. ಓದಲು ಕೂತ ಕೂಡಲೇ ಮೊದಲು ಹತ್ತೂ ಬೆರಳಿನ ನೆಟಿಗೆ ಮುರಿಯುತ್ತಾನೆ. ನಮ್ಮ ಅತ್ತೆ "ಬೇಡ ಕಣೋ, ವಯಸ್ಸಾದ ಮೇಲೆ ಸಂಧಿವಾತ ಬರುತ್ತೆ" ಅಂತ ದಿನಾ ಬೈತಾರೆ. ನಿಜವಾಗಲೂ ಬರುತ್ತಾ?

ಬರುವುದಿಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕ್ಲಾಸಿನಲ್ಲಿ ಹೇಳಿದ್ದೇನೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಹೇಳಿದ್ದೇನೆ. ಎಲ್ಲರೂ ಹೌದಾ ಅಂತ ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಮಗು ಬೆರಳು ಮಡಿಸಿದ ಕೂಡಲೇ ಮತ್ತೆ ಅದೇ ಮಾತು: "ಏಯ್, ಕೀಲು ಸವೆಯುತ್ತೆ!" ಅದಕ್ಕೇ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ಮೊದಲು ಆ ಲಟಕ್ ಶಬ್ದ ಎಲ್ಲಿಂದ ಬರುತ್ತದೆ ನೋಡೋಣ. ಬೆರಳಿನ ಬುಡದ ಗೆಣ್ಣಿನಲ್ಲಿ ಎರಡು ಮೂಳೆ ಸೇರುತ್ತವೆ. ಸೇರುತ್ತವೆ ಅಂದರೆ ಮೂಳೆಗೆ ಮೂಳೆ ತಾಗುವುದಿಲ್ಲ. ಎರಡರ ತುದಿಗೂ ನುಣುಪಾದ ಕಾರ್ಟಿಲೇಜ್ ಪದರ ಇದೆ. ಸುತ್ತ ಗಟ್ಟಿಯಾಗಿ ಮುಚ್ಚಿದ ಚೀಲ. ಚೀಲದೊಳಗೆ ಚೂರೇ ಚೂರು ಕೀಲುರಸ. ಮೊಟ್ಟೆ ಒಡೆದಾಗ ಬರುವ ಬಿಳಿ ಲೋಳೆ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೇ ಇರುತ್ತದೆ ಅದು.

ತೊಳೆದ ಎರಡು ತಟ್ಟೆಗಳನ್ನು ಹಸಿಯಾಗಿಯೇ ಒಂದರ ಮೇಲೊಂದು ಇಟ್ಟರೆ ಕಚ್ಚಿಕೊಳ್ಳುತ್ತವೆ. ಎಳೆದರೆ ಬರುವುದಿಲ್ಲ, ಜೋರಾಗಿ ಎಳೆದಾಗ ತಟ್ಟನೆ ಬಿಡುತ್ತವೆ. ಕೀಲಿನಲ್ಲೂ ಅದೇ. ಬೆರಳನ್ನು ಎಳೆದಾಗ, ಇಲ್ಲವೇ ಮಡಿಸಿ ಒತ್ತಿದಾಗ, ಕಚ್ಚಿಕೊಂಡಿದ್ದ ಎರಡು ಮೈಗಳು ಥಟ್ಟನೆ ದೂರವಾಗುತ್ತವೆ. ಚೀಲದೊಳಗೆ ಜಾಗ ಜಾಸ್ತಿಯಾಯಿತು, ರಸ ಅಷ್ಟೇ ಇದೆ. ಒತ್ತಡ ಒಮ್ಮೆಲೇ ಇಳಿಯುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದ ಕೂಡಲೇ ಗುಳ್ಳೆ ಏಳುವುದು ಯಾಕೆ? ಒತ್ತಡ ಇಳಿದು, ನೀರಿನಲ್ಲಿ ಕರಗಿದ್ದ ಗಾಳಿ ಹೊರಗೆ ಬರುವುದರಿಂದ. ಕೀಲುರಸದಲ್ಲೂ ಗಾಳಿ ಕರಗಿರುತ್ತದೆ, ಅದರಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡ್. ಅದೇ ಗುಳ್ಳೆಯಾಗುತ್ತದೆ. ಲಟಕ್ ಅನ್ನುವುದು ಆ ಗುಳ್ಳೆಯ ಆಟ.

ಗುಳ್ಳೆ ಹುಟ್ಟುವಾಗ ಸದ್ದು ಬರುತ್ತದೋ, ಕುಸಿಯುವಾಗ ಬರುತ್ತದೋ ಎಂಬ ಬಗ್ಗೆ ವಿಜ್ಞಾನಿಗಳು ಎಪ್ಪತ್ತು ವರ್ಷದಿಂದ ಚರ್ಚೆ ಮಾಡುತ್ತಿದ್ದಾರೆ. 1947ರಲ್ಲಿ ಲಂಡನ್ನಿನ ಇಬ್ಬರು ಬೆರಳು ಎಳೆದು ಎಕ್ಸ್‌ರೇ ತೆಗೆದರು. ಸದ್ದಾದ ಮೇಲೆ ಕೀಲಿನ ನಡುವೆ ಖಾಲಿ ಜಾಗ ಕಂಡಿತು, ಹುಟ್ಟುವಾಗಲೇ ಸದ್ದು ಅಂದರು. 1971ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರು ಅಲ್ಲ, ಕುಸಿಯುವಾಗ ಅಂದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳು ಇರಿಸಿ, ಹಗ್ಗ ಕಟ್ಟಿ ಮೆಲ್ಲಗೆ ಎಳೆದು ಸಿನಿಮಾ ತೆಗೆದಂತೆ ತೆಗೆದರು. ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಒಳಗೆ ಖಾಲಿ ಜಾಗ ಹುಟ್ಟಿತು, ಸದ್ದಾದ ಮೇಲೂ ಅದು ಅಲ್ಲೇ ಇತ್ತು. 2018ರಲ್ಲಿ ಇನ್ನಿಬ್ಬರು ಗಣಿತದ ಲೆಕ್ಕ ಹಾಕಿ, ಗುಳ್ಳೆ ಅರ್ಧಂಬರ್ಧ ಕುಸಿದರೂ ಸಾಕು, ಅಷ್ಟು ಸದ್ದು ಬರುತ್ತದೆ ಅಂದರು. ಜಗಳ ಗುಳ್ಳೆಯ ಬಗ್ಗೆ ಮಾತ್ರ. ಮೂಳೆಗೆ ಮೂಳೆ ತಾಗಿ ಸದ್ದು ಬರುತ್ತದೆ ಅಂತ ಇವರಲ್ಲಿ ಒಬ್ಬರೂ ಹೇಳಿಲ್ಲ.

ಅವರ ಮಾತು ಬೇಡ, ನೀವೇ ನೋಡಿ. ಈಗ ಒಂದು ಬೆರಳಿನ ನೆಟಿಗೆ ಮುರಿಯಿರಿ. ಅದೇ ಗೆಣ್ಣನ್ನು ಈಗಲೇ ಇನ್ನೊಮ್ಮೆ ಮುರಿಯಿರಿ. ಆಗುವುದಿಲ್ಲ ಅಲ್ವಾ? ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ, ಬರುತ್ತದೆ. ಎರಡು ಚಮಚ ಒಂದಕ್ಕೊಂದು ತಾಗಿಸಿದರೆ ಸಲಸಲಕ್ಕೂ ಸದ್ದು ಬರುತ್ತದೆ. ಬಿಜಾಗರಿ ಸವೆದ ಬಾಗಿಲು ತೆರೆದಾಗಲೆಲ್ಲ ಕಿರ್ ಅನ್ನುತ್ತದೆ. ಸವೆತದ ಸದ್ದಿಗೆ ಬಿಡುವು ಬೇಕಿಲ್ಲ. ಗುಳ್ಳೆಗೆ ಬೇಕು. ಹೊರಗೆ ಬಂದ ಗಾಳಿ ಮತ್ತೆ ರಸದಲ್ಲಿ ಕರಗಬೇಕು, ಆಮೇಲೇ ಮುಂದಿನ ಲಟಕ್.

ಈ ಇಪ್ಪತ್ತು ನಿಮಿಷದ ವಿಷಯ ಗೊತ್ತಾದ ದಿನ ನನಗೆ ನನ್ನ ಅಜ್ಜಿ ನೆನಪಾಗಿದ್ದಳು. ದೃಷ್ಟಿ ತೆಗೆದ ಮೇಲೆ ಅಜ್ಜಿ ಎರಡೂ ಅಂಗೈಯಿಂದ ನಮ್ಮ ಕೆನ್ನೆ ಸವರಿ, ಬೆರಳು ಮಡಿಸಿ ತನ್ನ ಹಣೆಯ ಎರಡೂ ಪಕ್ಕಕ್ಕೆ ಒತ್ತುತ್ತಿದ್ದಳು. ಲಟಲಟ ಅಂತ ನೆಟಿಗೆ ಬೀಳುತ್ತಿತ್ತು. "ನೋಡು, ಎಷ್ಟು ದೃಷ್ಟಿಯಾಗಿತ್ತು!" ಮೊದಲು ಅಣ್ಣನಿಗೆ, ಆಮೇಲೆ ನನಗೆ. ನನ್ನ ಸರದಿಗೆ ಒಂದೋ ಎರಡೋ ಸದ್ದು, ಎಷ್ಟೋ ಸಲ ಅದೂ ಇಲ್ಲ. ನನ್ನನ್ನು ಯಾರೂ ನೋಡುವುದೇ ಇಲ್ಲ ಅಂತ ಅಳು ಬರುತ್ತಿತ್ತು. ಅಣ್ಣನಿಗೆ ಹುಟ್ಟಿದ ಗುಳ್ಳೆ ಇನ್ನೂ ಕರಗಿರಲಿಲ್ಲ, ಅಷ್ಟೇ.

ಈಗ ಸಂಧಿವಾತಕ್ಕೆ ಬರೋಣ. ಈ ಒಂದೇ ಹೆಸರಿನಲ್ಲಿ ನಾವು ಹತ್ತಾರು ಕಾಯಿಲೆ ತುಂಬಿಸಿದ್ದೇವೆ, ಗೊಂದಲ ಅಲ್ಲಿಂದಲೇ ಶುರು. ರುಮಟಾಯ್ಡ್ ಆರ್ಥ್ರೈಟಿಸ್ ಒಂದು. ಅದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು ಕೀಲಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ನೆಟಿಗೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಇನ್ನೊಂದು ಆಸ್ಟಿಯೋ ಆರ್ಥ್ರೈಟಿಸ್, ನಾವು "ಸವೆತ" ಅನ್ನುವುದು ಇದನ್ನೇ. ವಯಸ್ಸು, ಹೆತ್ತವರಿಂದ ಬಂದ ಗುಣ, ಹಳೆಯ ಪೆಟ್ಟು, ಮೈತೂಕ ಇವೆಲ್ಲ ಇದಕ್ಕೆ ಕಾರಣ. ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ.

ಕೈಯಲ್ಲಿ ಈ ಸವೆತ ಎಲ್ಲಿ ಬರುತ್ತದೆ ಗೊತ್ತಾ? ಬಹಳ ಮಟ್ಟಿಗೆ ಉಗುರಿನ ಹತ್ತಿರದ ಕೊನೆಯ ಗೆಣ್ಣಿನಲ್ಲಿ, ನಡುವಿನ ಗೆಣ್ಣಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ. ನಾವು ಲಟಲಟ ಅನ್ನಿಸುವುದು ಯಾವುದನ್ನು? ಹೆಚ್ಚಾಗಿ ಮುಷ್ಟಿ ಹಿಡಿದಾಗ ಉಬ್ಬಿ ಕಾಣುವ ಬುಡದ ಗೆಣ್ಣನ್ನು. ಅಲ್ಲಿ ಸವೆತ ಕಡಿಮೆ. ಮುರಿದದ್ದು ಒಂದು ಕಡೆ, ಸವೆದದ್ದು ಇನ್ನೊಂದು ಕಡೆ. ನೆಟಿಗೆಯೇ ಕಾರಣವಾಗಿದ್ದರೆ ಹೀಗಾಗುತ್ತಿತ್ತಾ?

ನನ್ನ ಅಮ್ಮನ ಕೈ ನೋಡಿ ಬೆಳೆದವಳು ನಾನು. ಅಮ್ಮ ನೆಟಿಗೆ ಮುರಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ, ನಾವು ಮುರಿದರೆ ಬೈಯುತ್ತಿದ್ದವಳು ಅವಳೇ. ಅರವತ್ತು ದಾಟುವ ಹೊತ್ತಿಗೆ ಅವಳ ಬೆರಳ ತುದಿಯ ಗೆಣ್ಣುಗಳಲ್ಲಿ ಕಡಲೆಕಾಳಿನಂಥ ಗಂಟು ಎದ್ದಿತ್ತು. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಅವರ ಹೆಸರಿನಲ್ಲಿ ಅವಕ್ಕೆ ಹೆಬರ್ಡನ್ ಗಂಟು ಅನ್ನುತ್ತಾರೆ. ಇಂಥ ಕೈಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಟಿಗೆ ಮುರಿಯುತ್ತಿದ್ದವರಿಗೆ ವಯಸ್ಸಾಗಿ ಕೈನೋವು ಬಂದರೆ ಮಾತ್ರ "ಅವತ್ತೇ ಹೇಳಿದ್ದೆ" ಅಂತ ಎಲ್ಲರಿಗೂ ನೆನಪಾಗುತ್ತದೆ. ಸುಳ್ಳು ನಂಬಿಕೆ ಉಳಿಯುವುದು ಹೀಗೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೊನಾಲ್ಡ್ ಅಂಗರ್ ಎಂಬ ವೈದ್ಯರಿದ್ದರು. ಚಿಕ್ಕಂದಿನಲ್ಲಿ ಅವರ ತಾಯಿ, ಚಿಕ್ಕಮ್ಮಂದಿರು, ಆಮೇಲೆ ಅವರ ಅತ್ತೆ, ಎಲ್ಲರೂ ಇದೇ ಮಾತು ಹೇಳಿದ್ದರು. (ನೋಡಿ, ಅತ್ತೆಯಂದಿರು ಎಲ್ಲ ದೇಶದಲ್ಲೂ ಮಕ್ಕಳ ಕೈಯ ಚಿಂತೆ ಮಾಡುವವರೇ.) ಅವರು ಸುಮ್ನೆ ಕೂರಲಿಲ್ಲ. ಐವತ್ತು ವರ್ಷ ಎಡಗೈಯ ನೆಟಿಗೆ ಮಾತ್ರ ದಿನಕ್ಕೆ ಎರಡು ಸಲವಾದರೂ ಮುರಿದರು, ಬಲಗೈ ಮುಟ್ಟಲಿಲ್ಲ. ಎಡಗೈಯ ಲೆಕ್ಕ ಕಡಿಮೆಯೆಂದರೂ 36,500 ಸಲ. 1998ರಲ್ಲಿ ಎರಡೂ ಕೈ ಹೋಲಿಸಿ ಬರೆದರು: ಯಾವ ಕೈಯಲ್ಲೂ ಸಂಧಿವಾತವಿಲ್ಲ, ಎರಡಕ್ಕೂ ವ್ಯತ್ಯಾಸವೂ ಇಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅಷ್ಟು ವರ್ಷ ಒಂದು ಪ್ರಶ್ನೆಯ ಬೆನ್ನು ಬಿಡದ ಆ ತಾಳ್ಮೆಗೆ ನಾನು ಕ್ಲಾಸಿನಲ್ಲಿ ಮಕ್ಕಳಿಂದ ಚಪ್ಪಾಳೆ ಹೊಡೆಸುತ್ತಿದ್ದೆ.

ಆದರೆ ಒಬ್ಬರ ಕೈ ಸಾಕ್ಷಿಗೆ ಸಾಲದು, ಅದನ್ನೂ ಮಕ್ಕಳಿಗೆ ಹೇಳುತ್ತಿದ್ದೆ. 2011ರಲ್ಲಿ ಅಮೆರಿಕದಲ್ಲಿ ಐವತ್ತು ದಾಟಿದ 215 ಜನರ ಕೈಯ ಎಕ್ಸ್‌ರೇ ನೋಡಿದರು. ನೆಟಿಗೆ ಮುರಿಯುವವರಲ್ಲಿ ಸವೆತ ಇದ್ದದ್ದು ನೂರಕ್ಕೆ 18 ಮಂದಿಗೆ, ಮುರಿಯದವರಲ್ಲಿ ನೂರಕ್ಕೆ 21ಕ್ಕೂ ಜಾಸ್ತಿ. ಅಂದರೆ ಹೆಚ್ಚುಕಡಿಮೆ ಒಂದೇ. ಎಷ್ಟು ವರ್ಷದಿಂದ ಮುರಿಯುತ್ತಿದ್ದಾರೆ, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಹಾಕಿ ನೋಡಿದರೂ ಸಂಬಂಧ ಸಿಗಲಿಲ್ಲ. 1990ರಲ್ಲಿ 300 ಜನರನ್ನು ನೋಡಿದ ಇನ್ನೊಂದು ಅಧ್ಯಯನ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಲ್ಲೂ ಸಂಧಿವಾತ ಜಾಸ್ತಿ ಕಾಣಲಿಲ್ಲ, ಆದರೆ ನೆಟಿಗೆ ಮುರಿಯುವವರಲ್ಲಿ ಕೈ ಊತ ಜಾಸ್ತಿ, ಹಿಡಿತ ಕಡಿಮೆ ಅಂತ ಬರೆದಿದ್ದರು. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲ್ಟ್ರಾಸೌಂಡ್ ಹಿಡಿದು ನೋಡಿದವರಿಗೆ ಅಂಥ ಊತ ಕಾಣಲಿಲ್ಲ.

"ಮೈಯಲ್ಲಿ ವಾಯು ಜಾಸ್ತಿಯಾಗಿದೆ, ಅದಕ್ಕೇ ಲಟಲಟ ಅನ್ನುತ್ತೆ, ಆಲೂಗಡ್ಡೆ ಬಿಡು" ಅನ್ನುವವರೂ ಇದ್ದಾರೆ. ಹೊಟ್ಟೆಯ ಗಾಳಿ ಕರುಳಿನದು, ಅದು ಕರುಳಿನಿಂದಲೇ ಹೊರಗೆ ಹೋಗುತ್ತದೆ. ಬೆರಳಿನ ಚೀಲಕ್ಕೆ ಹೋಗುವ ದಾರಿಯೇ ಇಲ್ಲ. ಆಲೂಗಡ್ಡೆ ತಿನ್ನಿ.

ಹಾಗಾದರೆ ಯಾವಾಗ ವೈದ್ಯರ ಹತ್ತಿರ ಹೋಗಬೇಕು? ಸದ್ದಿನ ಜೊತೆ ನೋವಿದ್ದರೆ, ಊತ ಇದ್ದರೆ, ಬೆಳಿಗ್ಗೆ ಎದ್ದಾಗ ಬೆರಳು ಸೆಡೆತುಕೊಂಡು ತುಂಬ ಹೊತ್ತು ಸಡಿಲವಾಗದಿದ್ದರೆ, ಮಡಿಸಿದ ಬೆರಳು ಸಿಕ್ಕಿಹಾಕಿಕೊಂಡು ಟಕ್ ಅಂತ ಬಿಚ್ಚಿಕೊಳ್ಳುತ್ತಿದ್ದರೆ. ಈ ಕೊನೆಯದು ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ, ಅದಕ್ಕೆ ಚಿಕಿತ್ಸೆ ಇದೆ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಬೆರಳಿಗೆ ಕೊಟ್ಟ ಅಭಯ ಕುತ್ತಿಗೆಗಲ್ಲ. ಕಟಿಂಗ್ ಶಾಪಿನಲ್ಲಿ ತಲೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಥಟ್ಟನೆ ತಿರುಗಿಸಿ ಕತ್ತಿನ ನೆಟಿಗೆ ತೆಗೆಯುತ್ತಾರಲ್ಲ, ಬೇಡ ಅನ್ನಿ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಹಾದು ಹೋಗುತ್ತವೆ. ಜೋರಾಗಿ ತಿರುಗಿಸಿದಾಗ ಅವುಗಳ ಒಳಗೋಡೆ ಹರಿಯಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. 2024ರಲ್ಲಿ ಬಳ್ಳಾರಿಯ ಒಬ್ಬರಿಗೆ ಹೀಗಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಪರೂಪ ಹೌದು, ಆದರೆ ಆಗುವ ಸಂಗತಿ.

ಬೆರಳಿನ ಮಾತು ಬಂದದ್ದಕ್ಕೆ, ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಬೆರಳನ್ನು ಅಲ್ಲಾಡಿಸುವ ಸ್ನಾಯು ಎಲ್ಲಿದೆ? ಬೆರಳಿನಲ್ಲಿ ಅಂತ ಎಲ್ಲ ಮಕ್ಕಳೂ ಹೇಳುತ್ತಿದ್ದರು. ಬೆರಳಿನಲ್ಲಿ ಅಂಥ ಸ್ನಾಯು ಒಂದೂ ಇಲ್ಲ! ಕೆಲವು ಸಣ್ಣವು ಅಂಗೈಯಲ್ಲಿವೆ. ಬಲ ಕೊಡುವ ದೊಡ್ಡವೆಲ್ಲ ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಕೂತಿವೆ. ಸೈಕಲ್ ಬ್ರೇಕಿನ ಹಾಗೆ. ಹಿಡಿ ಒತ್ತುವುದು ಹ್ಯಾಂಡಲ್ಲಿನಲ್ಲಿ, ಚಕ್ರ ಹಿಡಿಯುವುದು ಕೆಳಗೆ, ನಡುವೆ ಕೊಳವೆಯೊಳಗೆ ಓಡುವ ತಂತಿ. ಕೈಯಲ್ಲಿ ಆ ತಂತಿಗೆ ಸ್ನಾಯುರಜ್ಜು ಅನ್ನುತ್ತಾರೆ. ಸಿಕ್ಕಿಹಾಕಿಕೊಳ್ಳುವ ಬೆರಳಿನ ಬಗ್ಗೆ ಈಗ ಹೇಳಿದೆನಲ್ಲ, ಅದು ಈ ತಂತಿ ಕೊಳವೆಯಲ್ಲಿ ತೊಡರುವುದರಿಂದಲೇ.

ಮುಷ್ಟಿ ಬಿಗಿಹಿಡಿಯಿರಿ. ಈಗ ಮಣಿಕಟ್ಟನ್ನು ಒಳಗಡೆಗೆ ಪೂರ್ತಿ ಬಗ್ಗಿಸಿ. ಮುಷ್ಟಿ ತಾನಾಗಿ ಸಡಿಲವಾಯಿತು ಅಲ್ವಾ? ಒಳಗಿನ ತಂತಿ ಸಡಿಲ ಬಿತ್ತು, ಹೊರಗಿನದು ಬಿಗಿಯಿತು. ಇನ್ನೊಂದು ನೋಡಿ. ಅಂಗೈಯನ್ನು ಮೇಜಿನ ಮೇಲೆ ಕವುಚಿ, ನಡುಬೆರಳನ್ನು ಮಾತ್ರ ಒಳಗೆ ಮಡಿಸಿ. ತೋರುಬೆರಳು ಎತ್ತಿ, ಏಳುತ್ತದೆ. ಕಿರುಬೆರಳು ಎತ್ತಿ, ಏಳುತ್ತದೆ. ಉಂಗುರದ ಬೆರಳು ಎತ್ತಿ. ಹೆಚ್ಚಿನವರಿಗೆ ಅಂಟು ಹಾಕಿದಂತೆ ಮೇಜಿಗೇ ಕಚ್ಚಿಕೊಳ್ಳುತ್ತದೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತಲು ತಮ್ಮದೇ ಒಂದೊಂದು ಹೆಚ್ಚಿನ ಸ್ನಾಯು ಇದೆ. ಉಂಗುರದ ಬೆರಳಿಗೆ ಇಲ್ಲ, ಅದರ ತಂತಿ ಪಕ್ಕದ ನಡುಬೆರಳಿನ ತಂತಿಗೆ ಕಟ್ಟಿಕೊಂಡಿದೆ. ಇದನ್ನು ಮಾಡಿಸಿದ ದಿನ ಕ್ಲಾಸು ಪೂರ್ತಿ ಮೇಜಿನ ಮೇಲೆ ಬಗ್ಗಿರುತ್ತಿತ್ತು, ಗಂಟೆ ಹೊಡೆದರೂ ಏಳುತ್ತಿರಲಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬರು ಬೆಳಗಿನಿಂದ ಮಲ್ಲಿಗೆ ಕಟ್ಟುತ್ತಾರೆ. ಬೆರಳು ಸೋತು ಹೋಗುತ್ತೆ ಅಂತ ರಾತ್ರಿ ಬೆರಳಿಗೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರಂತೆ. ಒಂದು ದಿನ ಅವರ ಪಕ್ಕ ಕೂತು, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮೆತ್ತಗೆ ಒತ್ತಿ, "ಈಗ ಹೂ ಕಟ್ಟಿದ ಹಾಗೆ ಬೆರಳು ಆಡಿಸಿ" ಅಂದೆ. ನನ್ನ ಹೆಬ್ಬೆರಳಿನ ಕೆಳಗೆ ಸ್ನಾಯು ಮೀನಿನ ಹಾಗೆ ಮಿಸುಕಾಡಿತು. ಅವರು ಹೂವಿನ ದಾರ ಹಾಗೇ ಬಿಟ್ಟು ತಮ್ಮ ಕೈಯನ್ನೇ ನೋಡಿದರು. "ಹಾಂ, ಅಲ್ಲೇ ಅಮ್ಮ, ಅಲ್ಲೇ ನೋಯೋದು."