ಮೇಲೆ ನಿಂತವಳು ಸಮತೋಲನಕ್ಕೆ ಹೆಣಗಬಾರದು, ಏಕೆ?

2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡವನ್ನು ಹುರಿದುಂಬಿಸಲು ವಾಷಿಂಗ್ಟನ್ನಿನ ಅಮೆರಿಕನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳು ಬಂದಿದ್ದರು. ಬೌಂಡರಿ ಗೆರೆಯಾಚೆಗಿನ ಆ ಕುಣಿತವೇ ಚಿಯರ್‌ಲೀಡಿಂಗ್ ಎಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರಿಂದ ಒಕ್ಕೊರಲಿನ ಘೋಷಣೆ ಕೂಗಿಸಿದಾಗ ಆರಂಭವಾದ ಈ ಚಟುವಟಿಕೆ ಮೊದಲ ಕಾಲು ಶತಮಾನ ಗಂಡಸರದೇ ಆಗಿತ್ತು. ಇಂದು ಅದು ಜನರನ್ನು ಎತ್ತುವ, ಎಸೆಯುವ, ಹಿಡಿಯುವ ಸ್ಪರ್ಧಾಕ್ರೀಡೆ. ಅದರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆಯೂ ದೊರೆತಿದೆ.

ಎತ್ತಿಸಿಕೊಳ್ಳುವವಳು ಫ್ಲೈಯರ್, ಪಾದ ಹಿಡಿದು ಎತ್ತುವವರು ಬೇಸ್‌ಗಳು, ಹಿಂದೆ ನಿಂತು ಕಣಕಾಲು ಹಿಡಿಯುವವರು ಬ್ಯಾಕ್‌ಸ್ಪಾಟ್. ಫ್ಲೈಯರ್ ಹಗುರವಾಗಿದ್ದು ಚೆನ್ನಾಗಿ ಸಮತೋಲನ ಮಾಡಿದರೆ ಸಾಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದರಷ್ಟು ದಾರಿ ತಪ್ಪಿಸುವ ಮಾತು ಇನ್ನೊಂದಿಲ್ಲ: ಸಮತೋಲನ ಕಾಯುವುದು ಕೆಳಗಿನವರ ಕೆಲಸ, ಅವಳದು ಬಿಗಿದು ನಿಲ್ಲುವುದು.

ಅಂಗೈ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸುವುದು ಸಾಧ್ಯ. ಪೆನ್ಸಿಲನ್ನು ನಿಲ್ಲಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಬುಡದ ಮೇಲೆ ನಿಂತ ವಸ್ತು ವಾಲಲು ತೆಗೆದುಕೊಳ್ಳುವ ಕಾಲ ಅದರ ಉದ್ದದ ವರ್ಗಮೂಲವನ್ನು ಅವಲಂಬಿಸಿದೆ, ಎಂದರೆ ಉದ್ದ ಕಾಲುಭಾಗಕ್ಕೆ ಇಳಿದರೆ ಆ ಕಾಲ ಅರ್ಧಕ್ಕೆ ಇಳಿಯುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಕೋಲು ಅಷ್ಟು ಬಿಡುವು ಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ. ಬಿಗಿದು ನಿಂತ ಫ್ಲೈಯರ್ ಬೇಸ್‌ಗಳ ಅಂಗೈ ಮೇಲಿನ ಒಂದೇ ಒಂದು ಉದ್ದನೆಯ ಕೋಲು. ಆದರೆ ಸೊಂಟ ಬಾಗಿಸಿ, ಮಂಡಿ ಸಡಿಲಿಸಿ ತಾನೇ ಸರಿಪಡಿಸಿಕೊಳ್ಳಲು ಹೊರಟ ಕ್ಷಣವೇ ಅವಳ ದೇಹ ಒಂದರ ಮೇಲೊಂದು ನಿಂತ ಗಿಡ್ಡ ಕೋಲುಗಳಾಗಿಬಿಡುತ್ತದೆ. ಕೆಳಗಿನವರಿಗೆ ಅವಳ ವಾಲುವಿಕೆ ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ: ಮುಂದಕ್ಕೆ ವಾಲಿದರೆ ಬೆರಳ ಬುಡದ ಒತ್ತಡ ಏರುತ್ತದೆ, ಹಿಂದಕ್ಕೆ ವಾಲಿದರೆ ಹಿಮ್ಮಡಿಯದು. ಅವಳು ಕಣಕಾಲನ್ನು ತಿರುಗಿಸುತ್ತಲೇ ಇದ್ದರೆ ಆ ಒತ್ತಡ ನಿಜವಾದ ವಾಲುವಿಕೆಯಿಂದ ಬಂದದ್ದೋ ಅವಳ ತಿದ್ದುವಿಕೆಯಿಂದ ಬಂದದ್ದೋ ತಿಳಿಯದೆ, ಬೇಸ್‌ಗಳು ಅವಳ ಪಾದವನ್ನು ತಪ್ಪು ದಿಕ್ಕಿಗೆ ಸರಿಸುತ್ತಾರೆ.

ಆದ್ದರಿಂದ ಹೊಸ ಸ್ಟಂಟಿನ, ಎಂದರೆ ಎತ್ತಿ ನಿಲ್ಲಿಸುವ ಕಸರತ್ತಿನ, ಅಭ್ಯಾಸ ನೆಲದ ಮೇಲೆ ಮಲಗಿಕೊಂಡೇ ಆರಂಭವಾಗಬೇಕು. ಫ್ಲೈಯರ್ ಅಂಗಾತ ಮಲಗಿ ಹೊಟ್ಟೆ, ತೊಡೆ, ಪೃಷ್ಠದ ಸ್ನಾಯುಗಳನ್ನು ಬಿಗಿಯುತ್ತಾಳೆ. ಜೊತೆಗಾತಿ ಹಿಮ್ಮಡಿ ಹಿಡಿದು ಎತ್ತಿದಾಗ ಭುಜದವರೆಗೆ ಇಡೀ ದೇಹ ಹಲಗೆಯಂತೆ ಏಳಬೇಕು, ಸೊಂಟ ನೆಲದಲ್ಲೇ ಉಳಿದರೆ ಬಿಗಿ ಸಾಲದು. ಅನಂತರ ಒಂದೇ ಕಾಲಿನಲ್ಲಿ ನಿಂತು, ಇನ್ನೊಂದು ಪಾದವನ್ನು ಮಂಡಿಯ ಪಕ್ಕಕ್ಕೆ ತರುವ ಲಿಬರ್ಟಿ ಭಂಗಿ. ಜೊತೆಗಾತಿ ಮೆಲ್ಲನೆ ತಳ್ಳಿದರೂ ಕೈ ಬೀಸಬಾರದು, ನಿಂತ ಕಾಲಿನ ಕಡೆಯ ಸೊಂಟ ಕುಸಿಯಬಾರದು. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸುವ ಜನಪ್ರಿಯ ಅಭ್ಯಾಸದ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಅದು ಕಣಕಾಲಿಗೆ ಬಲ ಕೊಡುವುದು ನಿಜ, ಆದರೆ ಕಣಕಾಲಿನಿಂದಲೇ ತಿದ್ದಿಕೊಳ್ಳುವ ಚಟವನ್ನೂ ಹತ್ತಿಸುತ್ತದೆ. ಹತ್ತುವ ಅಭ್ಯಾಸಕ್ಕೆ ಗಟ್ಟಿ ಪೆಟ್ಟಿಗೆಯೊಂದು ಸಾಕು: ಎಣಿಕೆಗೆ ಸರಿಯಾಗಿ ಕಾಲಿಟ್ಟು, ಜೊತೆಗಾತಿಯರ ಭುಜ ಒತ್ತಿ ಮೈಯನ್ನು ಮೇಲಕ್ಕೆ ಎಳೆದುಕೊಂಡು, ಮಂಡಿಯನ್ನು ಕೂಡಲೇ ನೇರವಾಗಿಸುವುದು.

ಕೆಳಗಿನವರ ತೋಳುಗಳಿಗೆ ಬಿದ್ದು ಇಳಿಯುವ ಕ್ರೇಡಲ್‌ನಲ್ಲೂ ಮೇಲಕ್ಕೆ ಎಸೆಯುವ ಬ್ಯಾಸ್ಕೆಟ್ ಟಾಸ್‌ನಲ್ಲೂ ಹೊಸಬರು ಆತುರಪಡುತ್ತಾರೆ. ಕೈ ಬಿಟ್ಟ ಮೇಲೆ ಗುರುತ್ವ ಕೇಂದ್ರದ ಹಾದಿಯನ್ನು ಬದಲಿಸಲು ಯಾರಿಂದಲೂ ಆಗದು. ಬದಲಾಗುವುದು ಭಂಗಿ ಮಾತ್ರ. ಎಸೆದ ಎತ್ತರದ ಮೇಲಿನ ಕಾಲುಭಾಗದಲ್ಲೇ ಗಾಳಿಯಲ್ಲಿರುವ ಸಮಯದ ಅರ್ಧ ಕಳೆಯುತ್ತದೆ, ಏಕೆಂದರೆ ತುದಿಯಲ್ಲಿ ವೇಗ ಅತ್ಯಂತ ಕಡಿಮೆ. ಅಲ್ಲಿಯವರೆಗೆ ನೆಟ್ಟಗಿದ್ದವಳಿಗೆ ಕಾಲು ಚಾಚಲೂ ಮಡಿಸಲೂ ಬೇಕಾದಷ್ಟು ಬಿಡುವಿರುತ್ತದೆ. ತುದಿ ಮುಟ್ಟುವ ಮೊದಲೇ ಕುಳಿತ ಭಂಗಿಗೆ ಬಂದವಳು, ಸೊಂಟವೇ ಮುಂದಾಗಿ, ಹಿಡಿಯುವವರ ತೋಳುಗಳಿಗೆ ಮಡಿಚಿಕೊಂಡು ಬೀಳುತ್ತಾಳೆ.

ಎರಡು ಮೀಟರ್ ಎತ್ತರದಿಂದ ಬಿದ್ದ ದೇಹ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಹಾಸಿಲ್ಲದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಬ್ಯಾಸ್ಕೆಟ್ ಟಾಸ್ ಮಾಡುವುದನ್ನು ಅಮೆರಿಕದ ಶಾಲಾ ನಿಯಮಗಳು ನಿಷೇಧಿಸಿರುವುದು ಇದಕ್ಕಾಗಿಯೇ. ಯಾವುದೇ ಸ್ಟಂಟನ್ನು ಮೊದಲು ಸೊಂಟದ ಮಟ್ಟದಲ್ಲಿ, ಬಳಿಕ ಭುಜದ ಮಟ್ಟದಲ್ಲಿ ಹತ್ತಿ ಇಳಿದು, ಎರಡೂ ಅದುರದೆ ನಡೆದ ಮೇಲಷ್ಟೇ ಬೇಸ್‌ಗಳು ತೋಳು ಪೂರ್ತಿ ಚಾಚುವುದೂ ಇದಕ್ಕಾಗಿಯೇ.