ಯಾರ ಪೈಕಿ? ಡಾ. ಡ್ರೇ ತಮ್ಮನ ಹಾಡಿನ ಹಾದಿ

ಧಾರವಾಡದ ಬೈಠಕ್ಕಿನಲ್ಲಿ ಹೊಸ ಹುಡುಗ ಹಾಡಲು ಕೂತರೆ ರಾಗ ಯಾವುದು ಅನ್ನುವುದಕ್ಕೂ ಮೊದಲು ಬರುವ ಪ್ರಶ್ನೆ, ‘ಯಾರ ಪೈಕಿ ಅವಾ?’ ಕಾಲೇಜು ಗ್ಯಾದರಿಂಗ್‌ನಲ್ಲಿ ಜವಾರಿ ಮಾತಿನಲ್ಲೇ ರ‍್ಯಾಪ್ ಹೊಡೆಯುವ ಹುಬ್ಬಳ್ಳಿ ಹುಡುಗರಿಗೂ ಅದು ತಪ್ಪಿದ್ದಲ್ಲ. ಅಮೆರಿಕದ ಹಿಪ್‌ಹಾಪ್‌ನಲ್ಲಿ ಈ ಪ್ರಶ್ನೆ ರ‍್ಯಾಪ್ ಹಾಡುಗಾರ ವಾರೆನ್ ಜಿಯ ಬೆನ್ನು ಬಿಟ್ಟಿಲ್ಲ.

ವಾರೆನ್‌ನ ಅಪ್ಪ, ಹೆಸರಾಂತ ರ‍್ಯಾಪ್ ಹಾಡುಗಾರ ಡಾ. ಡ್ರೇಯ ತಾಯಿಯನ್ನು ಮದುವೆಯಾದ. ಅವರಿಬ್ಬರೂ ಅಣ್ಣತಮ್ಮ ಆದದ್ದು ಹೀಗೆ. ಅಣ್ಣ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದಿಂದ ಹೆಸರಾದಾಗ ತಮ್ಮ ಲಾಂಗ್ ಬೀಚ್‌ನಲ್ಲಿ ಗೆಳೆಯರಾದ ಸ್ನೂಪ್ ಡಾಗ್, ನೇಟ್ ಡಾಗ್ ಜೊತೆ ಸೇರಿ ‘213’ ಅನ್ನುವ ತಂಡ ಕಟ್ಟಿದ್ದ. ಅದು ಆಗ ಅವರೂರಿನ ಫೋನ್ ಕೋಡ್. ನಮ್ಮ ಹುಡುಗರು ‘0836’ ಅಂತ ಇಟ್ಟುಕೊಂಡ ಹಾಗೆ.

ಡ್ರೇಯ ಗೆಳೆಯನೊಬ್ಬನ ಮದುವೆಗೆ ಮುಂಚಿನ ಪಾರ್ಟಿಯಲ್ಲಿ ವಾರೆನ್ ‘213’ ತಂಡದ ಕ್ಯಾಸೆಟ್ ಹಾಕಿಸಿದ. ಅಣ್ಣನ ಕಿವಿ ನೆಟ್ಟಿತು, ಆದರೆ ನೆಟ್ಟದ್ದು ಸ್ನೂಪ್‌ನ ಕಂಠದ ಮೇಲೆ. 1992ರ ಡಿಸೆಂಬರಿನಲ್ಲಿ ಡೆತ್ ರೋ ಎಂಬ ಹಾಡಿನ ಕಂಪನಿಯಿಂದ ಡ್ರೇಯ ಆಲ್ಬಮ್ ‘ದ ಕ್ರಾನಿಕ್’ ಬಂತು, ಅದರಲ್ಲಿ ಹಾಡಿದ ಸ್ನೂಪ್ ಮನೆಮಾತಾದ. ಬಾಗಿಲು ತೆಗೆಸಿದ ವಾರೆನ್‌ಗೆ ಆ ಕಂಪನಿಯಲ್ಲಿ ಕರಾರು ಸಿಗಲಿಲ್ಲ.

ನನಗಿಲ್ಲಿ ಮನ್ಸೂರರ ಮನೆ ನೆನಪಾಗುತ್ತದೆ. ಅಣ್ಣ ಬಸವರಾಜರ ನಾಟಕದ ನಂಟಿನಿಂದ ಮಲ್ಲಿಕಾರ್ಜುನರು ಒಂಬತ್ತನೇ ವಯಸ್ಸಿಗೇ ರಂಗ ಹತ್ತಿದರು. ಆಮೇಲೆ ಕೈ ಹಿಡಿದದ್ದು ಅಣ್ಣನಲ್ಲ, ಮಿರಜದ ನೀಲಕಂಠ ಬುವಾ, ಮಂಜಿಖಾನ್, ಬುರ್ಜಿಖಾನ್ ಅವರಂಥ ಗುರುಗಳು. ಮಗ ರಾಜಶೇಖರ ಮನ್ಸೂರರದು ಬೇರೆಯೇ ದಾರಿ: ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತ, ತಂದೆಯ ಹಿಂದೆ ಕೂತು ದನಿಗೂಡಿಸಿದರು. ಹಿಂದೆ ಕೂತವರ ಗಾಯನ ಎಷ್ಟು ದೊಡ್ಡದಿದ್ದರೂ ಊರಿನ ಕಣ್ಣು ಮುಂದೆ ಕೂತವರ ಮೇಲೆಯೇ.

ವಾರೆನ್ ಹಿಂದೆ ಕೂರಲಿಲ್ಲ, ಕೂರಿಸಿಕೊಳ್ಳುವವರೂ ಇರಲಿಲ್ಲ ಅನ್ನಿ. ನ್ಯೂಯಾರ್ಕಿನ ಡೆಫ್ ಜ್ಯಾಮ್ ಕಂಪನಿ ಅವನನ್ನು ಕರೆಯಿತು. ಮೈಕಲ್ ಮೆಕ್‌ಡೊನಾಲ್ಡ್‌ನ 1982ರ ಹಾಡೊಂದರ ತುಣುಕಿನ ಮೇಲೆ ನೇಟ್ ಡಾಗ್ ಜೊತೆ ಕಟ್ಟಿದ ‘ರೆಗ್ಯುಲೇಟ್’ 1994ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 2ನೇ ಸ್ಥಾನಕ್ಕೇರಿತು. ತಮಾಷೆ ನೋಡಿ, ಆ ಹಾಡು ಮೊದಲು ಬಂದದ್ದು ಒಂದು ಸಿನಿಮಾದ ಹಾಡುಗಳ ಸಂಗ್ರಹದಲ್ಲಿ, ಅದನ್ನು ಹೊರತಂದದ್ದು ಅದೇ ಡೆತ್ ರೋ! ಅದೇ ವರ್ಷದ ಜೂನ್‌ನಲ್ಲಿ ಡೆಫ್ ಜ್ಯಾಮ್‌ನಿಂದ ಬಂದ ಅವನ ಆಲ್ಬಮ್ ಅಮೆರಿಕದಲ್ಲಿ ಮೂರು ಪಟ್ಟು ಪ್ಲ್ಯಾಟಿನಂ ಆಯಿತು. ಅಂದರೆ 30 ಲಕ್ಷ ಪ್ರತಿ.

ಅಣ್ಣನ ಮೇಲೆ ಅವನು ಹಗೆ ಸಾಧಿಸಲಿಲ್ಲ. 2001ರ ಆಲ್ಬಮ್‌ಗೆ ಡ್ರೇಯೇ ಒಂದು ಹಾಡು ಕಟ್ಟಿಕೊಟ್ಟ, ಆದರೆ ಅದು 1994ರ ಎತ್ತರ ಮುಟ್ಟಲಿಲ್ಲ. ಪಾರ್ಟಿಯಲ್ಲಿ ಕ್ಯಾಸೆಟ್ ಹಾಕಿಸಿಕೊಂಡ ‘213’ ತಂಡದ ಆಲ್ಬಮ್ ಅಂಗಡಿಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಆ ಮೂವರಲ್ಲಿ ಯಾರನ್ನೂ ‘ಯಾರ ಪೈಕಿ’ ಅಂತ ಕೇಳುವವರಿರಲಿಲ್ಲ.