ಒಂದೇ ಕಾಲು ಊದಿಕೊಂಡರೆ ತಿಕ್ಕಬೇಡಿ

ಕಾಲಿನ ಮೇಲೆ ನೀಲಿ ನರಗಳು ಸುರುಳಿ ಸುತ್ತಿಕೊಂಡು ಎದ್ದರೆ ಗಾಬರಿಯಿಂದ ಆಸ್ಪತ್ರೆಗೆ ಬರುವವರು, ಮೀನಖಂಡ ಬಿಗಿದು ನೋಯುತ್ತಿದ್ದರೆ ಉಳುಕಿರಬೇಕು ಎಂದು ಎಣ್ಣೆ ಕಾಯಿಸುತ್ತಾರೆ. ನನಗೆ ಆತಂಕವಾಗುವುದು ಈ ಎರಡನೆಯದನ್ನು ಕಂಡಾಗ.

ಬಾಣಂತಿಯರ ಮಾತನ್ನೇ ತೆಗೆದುಕೊಳ್ಳಿ. ಹೆರಿಗೆಯ ನಂತರದ ಆರು ವಾರ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಸಿಸೇರಿಯನ್ ಆಗಿದ್ದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಎಷ್ಟೋ ಮನೆಗಳಲ್ಲಿ ಆಗಲೇ ಆಕೆಯನ್ನು ಮಂಚ ಬಿಟ್ಟು ಏಳಗೊಡುವುದಿಲ್ಲ, ನೀರನ್ನೂ ಅಳೆದು ಕೊಡುತ್ತಾರೆ. ಒಂದು ಕಾಲು ಊದಿದರೆ ಬಾಣಂತನದ ಬಾವು ಎಂದು ತಿಕ್ಕುತ್ತಾರೆ. ಆಳದ ರಕ್ತನಾಳದಲ್ಲಿ ಹೆಪ್ಪು ಇದ್ದರೆ ಅದರ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ದಯವಿಟ್ಟು ಆ ಕಾಲನ್ನು ತಿಕ್ಕಬೇಡಿ.

ಎರಡೂ ಕಾಲು ಸಮನಾಗಿ ಊದಿದ್ದರೆ ಸಾಮಾನ್ಯವಾಗಿ ಕಾರಣ ಬೇರೆ. ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪೇರಿ, ನಡೆದರೆ ನೋಯುತ್ತಿದ್ದರೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಅಳತೆಯ ಟೇಪನ್ನು. ಮಂಡಿಯ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲುಗಳ ಸುತ್ತಳತೆ ನೋಡುತ್ತೇನೆ. ವ್ಯತ್ಯಾಸ 3 ಸೆಂಟಿಮೀಟರ್ ಮೀರಿದರೆ ಅನುಮಾನ ಬಲವಾಗುತ್ತದೆ. ಮೀರದಿದ್ದರೂ ನಿಶ್ಚಿಂತೆಯಿಂದ ಕೂರುವಂತಿಲ್ಲ. ಖಚಿತವಾಗುವುದು ಡಾಪ್ಲರ್ ಸ್ಕ್ಯಾನಿನಲ್ಲಿ: ಮೇಲಿನಿಂದ ಒತ್ತಿದಾಗ ಆರೋಗ್ಯವಂತ ಅಭಿಧಮನಿ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ಚಪ್ಪಟೆಯಾಗುತ್ತದೆ, ಹೆಪ್ಪು ತುಂಬಿದ್ದು ಆಗುವುದಿಲ್ಲ.

ಇನ್ನು ಮೊದಲು ಹೇಳಿದ ಆ ನೀಲಿ ನರಗಳು, ಅಂದರೆ ವೆರಿಕೋಸ್ ವೇನ್. ಕವಾಟಗಳು ಸೋತು ಚರ್ಮದಡಿಯ ಅಭಿಧಮನಿಗಳಲ್ಲಿ ರಕ್ತ ನಿಲ್ಲುವುದರಿಂದ ಅವು ಉಬ್ಬುತ್ತವೆ. ಬಹುತೇಕರಿಗೆ ಅದರಿಂದ ಪ್ರಾಣಭಯವಿಲ್ಲ. ಆದರೆ ಮೆತ್ತಗಿದ್ದ ಉಬ್ಬು ಒಂದು ದಿನ ಹಗ್ಗದಂತೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಲ್ಲಿಯೇ ರಕ್ತ ಹೆಪ್ಪುಗಟ್ಟಿದೆ ಎಂದು ಭಾವಿಸಿ. ಮೇಲಿನದಷ್ಟೇ ಅಲ್ಲವೇ ಎಂದು ಕೆಲವರು ಮುಲಾಮು ಹಚ್ಚಿ ಕಾಯುತ್ತಾರೆ. ಕಾಯಬಾರದು. ಆ ಹೆಪ್ಪು ತೊಡೆಯ ಮೇಲ್ಭಾಗಕ್ಕೆ ಬೆಳೆದು, ತೊಡೆಸಂದಿನಲ್ಲಿ ಆಳದ ಅಭಿಧಮನಿಯನ್ನು ಸೇರಬಲ್ಲದು. ಸೇರುವ ಜಾಗಕ್ಕೆ 3 ಸೆಂಟಿಮೀಟರ್ ಸಮೀಪ ಬಂದಿದ್ದರೆ ಆಳದ ಹೆಪ್ಪಿಗೆ ಕೊಡುವ ಚಿಕಿತ್ಸೆಯನ್ನೇ ಕೊಡುತ್ತೇವೆ.

ಆ ಚಿಕಿತ್ಸೆ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು. ಬಾವು ಇಳಿಯಿತೆಂದು ನಡುವೆ ನಿಲ್ಲಿಸುವವರು ಬಹಳ. ಹೆಪ್ಪು ಮರಳುವುದು ಹಾಗೆಯೇ. ಹಿಂದೆ ಕಾಲಿನಲ್ಲಿ ಹೆಪ್ಪುಗಟ್ಟಿದ್ದವರು ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ, ಗರ್ಭನಿರೋಧಕ ಮಾತ್ರೆ ಆರಂಭಿಸುವ ಮುನ್ನ ವೈದ್ಯರಿಗೆ ಅದನ್ನು ಹೇಳಲೇಬೇಕು. ಕಾಲು ಊದಿರುವಾಗ ಏಕಾಏಕಿ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಸ್ಕ್ಯಾನಿಗೆ ಸರದಿ ಕಾಯದೆ 108ಕ್ಕೆ ಕರೆ ಮಾಡಿ.